ಮೋಕ್ಷವೆಂಬ ಮಾತು

12 ಅಕ್ಟೋಬರ್ 2024
ವೋಲ್ಗಾ ದಂಡೆ, ರಷ್ಯಾ

ಗೌರವದ ಮೇಷ್ಟ್ರಿಗೆ,

ನೂರ್ ಫಾತಿಮಾಳ ಸಲಾಮುಗಳು. ಗ್ಯಾರೇಜು ಸಮೀವುಲ್ಲಾ ಮಗಳು ಅಂದರೆ ನೆನಪಾಗಬಹುದು. ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ನಿಮ್ಮ ಕೊನೆಯ ಬ್ಯಾಚಿನವಳು. ಈಗ ಇಲ್ಲಿ ಡಾಕ್ಟರಿಕೆ ಓದುತ್ತಿದ್ದೇನೆ, ಇದು ಕೊನೆಯ ವರ್ಷ.

ನಿಮಗೆ ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ ಎಂದು ಸಾದಿಕ್ ಚಾಚಾ ಹೇಳಿದರು. ಅದಕ್ಕೆ ಅವರೇ ಒಂದು ದಾರಿ ಮಾಡಿದ್ದಾರೆ. ನಾನು ಕೈಯಲ್ಲಿ ಬರೆದು ಫೋಟೋ ಕಳಿಸುವುದು, ಅವರು ಪಾಂಡವಪುರ ಬಸ್ ಸ್ಟ್ಯಾಂಡಿನ ತಮ್ಮ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆದು ನಿಮ್ಮ ಮನೆಗೆ ಮುಟ್ಟಿಸುವುದು. ನೀವು ಬರೆದರೆ ಅದೂ ಹೀಗೇ ನನಗೆ ಬರುತ್ತದೆ.

ವಿಷಯಕ್ಕೆ ಬರುತ್ತೇನೆ. ಮೊನ್ನೆ ಬೆಳಿಗ್ಗೆ ವಾರ್ಡಿಗೆ ಹೋದೆ. ನರ್ಸ್ ಕಾಗದ ತುಂಬುತ್ತ, ತಲೆಯೆತ್ತದೆ, "ಏಳನೇ ಮಂಚದ ಅಜ್ಜಿ ಮೋಕ್ಷ" ಅಂದಳು. ನನ್ನ ಎದೆ ಧಸಕ್ಕೆಂದಿತು. ಹಿಂದಿನ ದಿನ ನಾನೇ ಬಿ.ಪಿ. ನೋಡಿದ್ದೆ, ಚೆನ್ನಾಗಿಯೇ ಇದ್ದರು. ಓಡಿಹೋಗಿ ನೋಡಿದರೆ ಅಜ್ಜಿ ದಿಂಬಿಗೆ ಒರಗಿ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾರೆ! ನಾನು ಮುಚ್ಚಲು ಹಿಡಿದುಕೊಂಡು ಹೋಗಿದ್ದ ಬಿಳಿ ದುಪ್ಪಟಿಯನ್ನು ಹಿಂದೆ ಬಚ್ಚಿಟ್ಟುಕೊಂಡೆ.

ಆಮೇಲೆ ಗೊತ್ತಾಯಿತು. ಮೋಕ್ಷ ಅನ್ನುವುದು ಇಲ್ಲಿಂದ ಪಶ್ಚಿಮಕ್ಕಿರುವ ಒಂದು ನಾಡಿನ ಜನ. ಅವರ ಭಾಷೆಯ ಹೆಸರೂ ಮೋಕ್ಷವೇ. ರಷ್ಯನ್ ಭಾಷೆಗೂ ಅದಕ್ಕೂ ನಂಟಿಲ್ಲವಂತೆ, ಹಂಗೇರಿಯವರ, ಫಿನ್ಲೆಂಡಿನವರ ಭಾಷೆಗೆ ದೂರದ ಸಂಬಂಧಿಯಂತೆ. ಅಜ್ಜಿಯ ಹೆಸರು ಅಕುಲೀನಾ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಮಾತು ಹೋಗಿದೆ, ಏನೇನೋ ಗೊಣಗುತ್ತಾರೆ, ಬುದ್ಧಿಯೂ ಹೋಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ.

ಮೇಷ್ಟ್ರೇ, ನೀವು ಪಾಠ ಮಾಡುವಾಗ ಮೋಕ್ಷ ಎಂಬ ಪದವನ್ನು ಬಿಡಿಸಿ ಹೇಳಿದ್ದಿರಿ. ಎಷ್ಟು ನೆನೆಸಿಕೊಂಡರೂ ಬರುತ್ತಿಲ್ಲ. ಬರೆದು ತಿಳಿಸುತ್ತೀರಾ? ಶಾರದಮ್ಮನವರು ಹೇಗಿದ್ದಾರೆ? ಪ್ರಬಂಧದ ಕಾಂಪಿಟಿಷನ್ನಿಗೆ ತಯಾರಿ ಮಾಡಲು ನಿಮ್ಮ ಮನೆಗೆ ಬಂದಾಗ ಅವರು ಕೊಟ್ಟ ಹುರಿಗಾಳಿನ ರುಚಿ ಇನ್ನೂ ನಾಲಿಗೆ ಮೇಲಿದೆ.

ನಿಮ್ಮ ವಿದ್ಯಾರ್ಥಿನಿ,
ನೂರ್ ಫಾತಿಮಾ


20 ಅಕ್ಟೋಬರ್ 2024
ಪಾಂಡವಪುರ

ಚಿರಂಜೀವಿ ನೂರ್ ಫಾತಿಮಾಗೆ,

ಆಶೀರ್ವಾದಗಳು. ಕಾಗದ ತಲುಪಿತು. ಸಾದಿಕ್ ಎರಡು ಪ್ರತಿ ತೆಗೆದು ತಂದಿದ್ದ. ಒಂದು ಓದುವುದಕ್ಕೆ, ಒಂದು ಇಟ್ಟುಕೊಳ್ಳುವುದಕ್ಕೆ ಎಂದ.

ನಿನ್ನ ಪ್ರಶ್ನೆಗೆ ಉತ್ತರ. ಮೋಕ್ಷ ಸಂಸ್ಕೃತದ ಮಾತು. 'ಮುಚ್' ಎಂಬ ಧಾತುವಿನಿಂದ ಬಂದದ್ದು. ಬಿಡು, ಕಳಚು ಎಂದರ್ಥ. ಮುಕ್ತಿ, ವಿಮೋಚನೆ ಎಲ್ಲ ಅದೇ ಬಳ್ಳಿಯ ಕಾಯಿ. ಹುಟ್ಟು ಸಾವುಗಳ ಕಟ್ಟಿನಿಂದ ಬಿಡುಗಡೆ ಎಂದು ನಮ್ಮ ಹಿರಿಯರು ಅದಕ್ಕೆ ದೊಡ್ಡ ಅರ್ಥ ಕೊಟ್ಟರು. ನೀನು ಪಶ್ಚಿಮವಾಹಿನಿ ನೋಡಿಕೊಂಡು ಬೆಳೆದವಳು. ಎಲ್ಲೆಲ್ಲಿಂದಲೋ ಜನ ಕಾರು ಮಾಡಿಕೊಂಡು ಬಂದು ಸತ್ತವರ ಬೂದಿಯನ್ನು ಕಾವೇರಿಗೆ ಬಿಡುವುದು ಆ ಆಸೆಯಿಂದಲೇ.

ನಿನ್ನ ಅಜ್ಜಿಯ ಮೋಕ್ಷಕ್ಕೂ ನಮ್ಮ ಮೋಕ್ಷಕ್ಕೂ ಸಂಬಂಧ ಇರಲಾರದು. ಉಚ್ಚಾರ ಒಂದೇ ಎಂದು ಅರ್ಥ ಕಟ್ಟಬಾರದು. ಇದನ್ನು ನಾನು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಹೇಳಿದ್ದೇನೆ. ಆದರೂ ಆ ಜನಕ್ಕೆ ಆ ಹೆಸರು ಹೇಗೆ ಬಂತೆಂದು ತಿಳಿದರೆ ಬರೆ.

ಒಂದು ಮಾತು. ಅಜ್ಜಿ ಗೊಣಗುತ್ತಾರೆ ಎಂದು ಬರೆದಿದ್ದೀಯೆ. ಏನೆಂದು ಗೊಣಗುತ್ತಾರೆ? ಡಾಕ್ಟರಾಗುವವಳು ಕೇಳಿಸಿಕೊಂಡಿರಬೇಕಲ್ಲವೇ?

ಇಲ್ಲಿ ಭತ್ತ ಹೊಡೆ ತುಂಬುತ್ತಿದೆ. ನಾಲೆಯಲ್ಲಿ ನೀರಿದೆ.

ಇತಿ,
ಚಲುವಯ್ಯ


9 ನವೆಂಬರ್ 2024

ಗೌರವದ ಮೇಷ್ಟ್ರಿಗೆ,

'ಕೇಳಿಸಿಕೊಂಡಿರಬೇಕಲ್ಲವೇ' ಎಂದು ನೀವು ಬರೆದದ್ದು ಕೆನ್ನೆಗೆ ಹೊಡೆದಂತೆ ಆಯಿತು. ಹೌದು, ನಾನೂ ಕೇಳಿಸಿಕೊಂಡಿರಲಿಲ್ಲ.

ಮಾರನೇ ದಿನ ಡ್ಯೂಟಿ ಮುಗಿದ ಮೇಲೆ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಅಜ್ಜಿ 'ವೆದ್, ವೆದ್' ಅನ್ನುತ್ತಿದ್ದರು. ರಷ್ಯನ್ನಿನಲ್ಲಿ ಆ ಮಾತು ಇದೆ. ನಾವು ಮಾತಿನ ನಡುವೆ 'ಅಲ್ವಾ, ಮತ್ತೆ' ಅನ್ನುತ್ತೇವಲ್ಲ, ಅಂಥದ್ದು. ಅದಕ್ಕೇ ನರ್ಸುಗಳು, "ಬೆಳಿಗ್ಗೆಯಿಂದ ಸಂಜೆವರೆಗೂ ಅಲ್ವಾ ಅಲ್ವಾ ಅಂತಾಳೆ, ಪಾಪ" ಎಂದು ನಗುತ್ತಿದ್ದರು. ನಾನು ಮೊಬೈಲಿನಲ್ಲಿ ಮೋಕ್ಷ ಭಾಷೆಯ ಪದಪಟ್ಟಿ ಹುಡುಕಿದೆ. ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವೆದ್ ಅಂದರೆ ನೀರು.

ಲೋಟದಲ್ಲಿ ನೀರು ತಂದು "ವೆದ್?" ಅಂದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಒಂದು ಲೋಟ ಕುಡಿದರು, ಇನ್ನೊಂದು ಕುಡಿದರು. ಆಮೇಲೆ ಎಡಗೈಯಿಂದ ನನ್ನ ಕೆನ್ನೆ ತಟ್ಟಿ ಏನೋ ಉದ್ದಕ್ಕೆ ಹೇಳಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಅದು ಗೊಣಗಾಟವಲ್ಲ ಮೇಷ್ಟ್ರೇ! ವಾಕ್ಯ! ಅದಕ್ಕೆ ಮೊದಲಿತ್ತು, ಕೊನೆಯಿತ್ತು.

ಲಕ್ವ ಹೊಡೆದಾಗ ಕೆಲವರಿಗೆ ಆಮೇಲೆ ಕಲಿತ ಭಾಷೆ ಹೋಗಿ ಹುಟ್ಟಿದಾಗಿನ ಭಾಷೆ ಉಳಿದುಬಿಡುತ್ತದೆ ಎಂದು ನಾವು ಓದಿದ್ದೇವೆ. ಪರೀಕ್ಷೆಯಲ್ಲಿ ಅದರ ಮೇಲೆ ಬರೆದು ಒಳ್ಳೆಯ ಅಂಕ ತಗೊಂಡವಳು ನಾನು. ಎದುರಿಗೇ ಇದ್ದದ್ದು ಕಾಣಲಿಲ್ಲ. ಮಾತು ಹೋಗುವುದು ಬೇರೆ, ಬುದ್ಧಿ ಹೋಗುವುದು ಬೇರೆ.

ಆತಂಕದ ಸಂಗತಿಯೆಂದರೆ, ಅವರನ್ನು ಬುದ್ಧಿಭ್ರಮಣೆಯಾದ ಮುದುಕರನ್ನು ಇಡುವ ಜಾಗಕ್ಕೆ ಕಳಿಸಲು ಕಾಗದ ತಯಾರಾಗಿದೆ. ಮಗ ವಿಕ್ಟರ್ ಲಾರಿ ಓಡಿಸುತ್ತಾನೆ. ಅವನಿಗೆ ಅಮ್ಮನ ಭಾಷೆ ಬರುವುದಿಲ್ಲ, ಚಿಕ್ಕಂದಿನಲ್ಲೇ ಈ ಊರಿಗೆ ಬಂದುಬಿಟ್ಟರಂತೆ. ಮುಂದಿನ ತಿಂಗಳು ಬಂದು ಸಹಿ ಹಾಕಿದರೆ ಮುಗಿಯಿತು. ಅಷ್ಟರೊಳಗೆ ನಾನು ಕಲಿಯಬೇಕು. ದಿನಕ್ಕೆ ಐದು ಪದ ಎಂದು ಇಟ್ಟುಕೊಂಡಿದ್ದೇನೆ.

ಹೆಸರಿನ ವಿಚಾರ. ಮೋಕ್ಷ ಅವರ ನಾಡಿನ ಒಂದು ನದಿ. ಅದರಿಂದಲೇ ಜನಕ್ಕೆ ಆ ಹೆಸರಂತೆ.

ಶಾರದಮ್ಮನವರ ಬಗ್ಗೆ ಹೋದ ಸಲ ಕೇಳಿದ್ದೆ. ನೀವು ಬರೆಯಲಿಲ್ಲ.

ನಿಮ್ಮ
ನೂರ್


14 ನವೆಂಬರ್ 2024

ನೂರ್,

ನಿನ್ನ ಕಾಗದ ನಾಲ್ಕು ದಿನದಿಂದ ಮೇಜಿನ ಮೇಲೆ ಇದೆ. ನಾಲ್ಕು ಸಲ ಉತ್ತರ ಬರೆದು ಹರಿದುಹಾಕಿದೆ.

ನಿಮ್ಮ ಶಾರದಮ್ಮನಿಗೆ ಆಗಸ್ಟಿನಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು. ಕಾಲು ಸುಮಾರಾಗಿ ಬಂದಿದೆ. ಮಾತು ಬರಲಿಲ್ಲ. ಈ ವಿಷಯ ಸಾದಿಕ್‌ಗೂ ಹೇಳಿರಲಿಲ್ಲ. ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದೆ.

ಮೂರು ತಿಂಗಳಿಂದ ಅವಳು ಒಂದೇ ಮಾತು ಹೇಳುತ್ತಿದ್ದಳು. 'ತನ್ನಿ.' ನಾನು ಕನ್ನಡದ ಮೇಷ್ಟ್ರು. ತರು ಎಂಬ ಕ್ರಿಯಾಪದ, ಗೌರವದ ರೂಪ, ತನ್ನಿ. ತರುತ್ತಿದ್ದೆ. ಬಾಚಣಿಗೆ ತಂದೆ. ಕನ್ನಡಕ ತಂದೆ. ಶಾಲು ತಂದೆ. ನಮ್ಮ ಮದುವೆ ಫೋಟೋ ಗೋಡೆಯಿಂದ ಇಳಿಸಿ ತಂದೆ. ಅವಳು ಎಡಗೈಯಲ್ಲಿ ಎಲ್ಲವನ್ನೂ ತಳ್ಳಿಬಿಡುತ್ತಿದ್ದಳು. ಒಂದು ದಿನ ನಾನು ಬೇಸತ್ತು, "ಏನು ತರ್ಲಿ ಅಂತ ಹೇಳು ಮಾರಾಯ್ತಿ" ಎಂದು ಕೂಗಿದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು.

ಈಗ ನಿನಗೆ, ಇಷ್ಟು ವರ್ಷ ಯಾರಿಗೂ ಹೇಳದ ಸಂಗತಿ ಹೇಳಬೇಕು. ಅವಳ ಹುಟ್ಟಿದ ಹೆಸರು ಶಾರದೆಯಲ್ಲ, ಮಾರಮ್ಮ. ಕುಳುವರ ಹುಡುಗಿ. ಬುಟ್ಟಿ, ಮೊರ ಹೆಣೆಯುವ ಮನೆ. ನನ್ನದು ಬೇಸಾಯದ ಮನೆ. ಎಂಬತ್ತೆರಡರಲ್ಲಿ ಮನೆಯವರನ್ನೆಲ್ಲ ಎದುರು ಹಾಕಿಕೊಂಡು ಮದುವೆಯಾದೆ. ಆ ಧೈರ್ಯ ನನಗಿತ್ತು. ಆದರೆ ಬಾಡಿಗೆ ಮನೆ ಹಿಡಿಯುವ ಹೊತ್ತಿಗೆ ಆ ಧೈರ್ಯ ಮುಗಿದಿತ್ತು. ಹೆಸರು ಬದಲಿಸಿದೆ. ಅವರ ಮನೆಮಾತು ಬೇರೆ, ಅದನ್ನು ಆಡಬೇಡ ಎಂದೆ. ಮರುವರ್ಷ ಅವಳ ತಮ್ಮ ಹೊನ್ನಪ್ಪ ಅಕ್ಕನನ್ನು ನೋಡಲು ಬಂದ. ಜಗುಲಿ ಮೇಲೆ ಕೂತು ಇಬ್ಬರೂ ತಮ್ಮ ಮಾತಿನಲ್ಲಿ ನಗುತ್ತಿದ್ದರು. ಎದುರು ಮನೆಯವರು ಇಣುಕಿದರು. ನಾನು ಅವನನ್ನು ಗೇಟಿನವರೆಗೆ ಕರೆದೊಯ್ದು, "ಈ ಮಾತು ಇಲ್ಲಿ ಬೇಡಪ್ಪ, ಇದೇ ಮಾತಾಡೋದಾದ್ರೆ ಬರಬೇಡ" ಎಂದೆ. ಅವನು ಮತ್ತೆ ಬರಲಿಲ್ಲ. ಅವಳು ನನ್ನನ್ನು ಏನೂ ಕೇಳಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಅವಳ ಮಾತು ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಆ ದಿನ ಹೊನ್ನಪ್ಪ ಬಿಸಿಲಿನಲ್ಲಿ ಬಂದವನೇ ಅಕ್ಕನನ್ನು ಮೊದಲು ಕೇಳಿದ್ದು ತಣ್ಣಿ. ಅವಳು ಒಳಗಿಂದ ಚೊಂಬಿನಲ್ಲಿ ನೀರು ತಂದಳು. ನಿನ್ನ 'ವೆದ್' ಓದಿದಾಗ ಅದು ನೆನಪಾಯಿತು.

ಚೊಂಬಿನಲ್ಲಿ ನೀರು ತೆಗೆದುಕೊಂಡು ಹೋಗಿ "ತಣ್ಣಿ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಪೂರ್ತಿ ಕುಡಿದಳು. ಮಾತ್ರೆ ಹೊತ್ತಿಗೆ, ಊಟದ ಹೊತ್ತಿಗೆ ನೀರು ಕೊಡುತ್ತಲೇ ಇದ್ದೆ ನೂರ್. ಅವಳು ಕೇಳಿದಾಗ ಮಾತ್ರ ಕೊಟ್ಟಿರಲಿಲ್ಲ.

ಈಗ ಏನು ಮಾಡಬೇಕು ಹೇಳು.

ಚಲುವಯ್ಯ


16 ನವೆಂಬರ್ 2024

ಪ್ರೀತಿಯ ಮೇಷ್ಟ್ರೇ,

ಕಾಗದ ಓದಿ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ನಮ್ಮ ಮೇಡಂ ಒಬ್ಬರನ್ನು ಕೇಳಿದೆ. ಅವರು ಹೇಳಿದ್ದನ್ನು ಬರೆಯುತ್ತೇನೆ.

ಅಮ್ಮನವರ ಮಾತು ಸತ್ತಿಲ್ಲ. ಯಾವ ಬಾಗಿಲು ತೆರೆದಿದೆಯೋ ಅದರಿಂದಲೇ ಒಳಗೆ ಹೋಗಬೇಕು. ಆ ಭಾಷೆ ಆಡುವವರು ದಿನವೂ ಎದುರಿಗೆ ಕೂತು ಮಾತಾಡಬೇಕು. ಅವಸರ ಮಾಡಬಾರದು, ತಪ್ಪು ತಿದ್ದಬಾರದು (ಇದು ನಿಮಗೆ ಕಷ್ಟ). ಹಾಡು ಬಂದರೆ ಹಾಡಿಸಬೇಕು, ಮಾತು ಬಾರದವರಿಗೂ ಹಾಡು ಬರುವುದುಂಟು. ಅದರ ಬೆನ್ನಿಗೇ ಕನ್ನಡವೂ ಒಂದಿಷ್ಟು ಬರಬಹುದು. ಪಾಂಡವಪುರದಲ್ಲಿ ತೋರಿಸುತ್ತಿರುವ ಡಾಕ್ಟರಿಗೂ ಇದನ್ನೆಲ್ಲ ಹೇಳಿ.

ಹೊನ್ನಪ್ಪನವರನ್ನು ಹುಡುಕಿ ಮೇಷ್ಟ್ರೇ. ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಚಾಚಾಗೆ ಹೇಳಿದ್ದೇನೆ, ಬೈಕು ಬೇಕಾದರೆ ಕರೆಯಿರಿ. ಬಾಗಿಲಲ್ಲೇ ಕಳಿಸಬೇಡಿ.

ನೂರ್


5 ಡಿಸೆಂಬರ್ 2024

ಚಿರಂಜೀವಿ ನೂರ್‌ಗೆ,

ಹುಡುಕಿದೆ.

ನಾಗಮಂಗಲದಲ್ಲಿ ಬುಟ್ಟಿ ಹೆಣೆಯುವವರನ್ನು ಕೇಳಿದರೆ ಬೆಳ್ಳೂರು ಕ್ರಾಸ್ ಎಂದರು. ಸಾದಿಕ್ ಅಂಗಡಿ ಮುಚ್ಚಿ ನನ್ನ ಜೊತೆ ಬಂದ. ಹೆದ್ದಾರಿ ಪಕ್ಕ, ಹೋಟೆಲುಗಳ ಸಾಲು ಮುಗಿಯುವ ಕಡೆ, ಒಬ್ಬ ಕೂತು ಬಿದಿರು ಸೀಳುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ಆದರೆ ಮೂಗು ಅವಳದೇ. ನಾನು ನಿಂತೇ ಇದ್ದೆ. ಅವನು ತಲೆಯೆತ್ತಿ ನೋಡಿ, "ಮೊರ ಬೇಕಾ ಸ್ವಾಮಿ?" ಎಂದ.

"ಹೊನ್ನಪ್ಪ, ನಾನು ಚಲುವಯ್ಯ. ನಿಮ್ಮ ಅಕ್ಕನ ಗಂಡ."

ಕತ್ತಿ ಕೆಳಗಿಟ್ಟ. "ಅಕ್ಕ ಸತ್ತೋದ್ಳಾ?"

"ಇಲ್ಲ."

"ಮತ್ತೆ ಯಾಕ್ ಬಂದ್ರಿ?"

ಎಲ್ಲ ಹೇಳಿದೆ. ಲಕ್ವ ಹೊಡೆದದ್ದು, ತಣ್ಣಿ, ಎಲ್ಲ. ಅವನು ಬಿದಿರನ್ನೇ ನೋಡುತ್ತ ಕೇಳಿಸಿಕೊಂಡ. ನನ್ನ ಕಿವಿ ಮಂದ ಎಂದು ಗೊತ್ತಾಗಿ, ಆಮೇಲೆ ಒಂದೊಂದು ಮಾತನ್ನೂ ಜೋರಾಗಿ ಹೇಳಿದ. ಪಕ್ಕದ ಎಳನೀರಿನವನೂ ಕೇಳಿಸಿಕೊಂಡ. ನಾನು ಅದಕ್ಕೆ ತಕ್ಕವನೇ.

"ನಲ್ವತ್ತು ವರ್ಸ ಆದ್ಮೇಲೆ ನೆಪ್ಪಾಯ್ತಾ ಮೇಷ್ಟ್ರೇ? ಅವತ್ತು ಗೇಟ್ ತಾವ ಏನಂದ್ರಿ? ನಮ್ಮಪ್ಪ ಸತ್ತಾಗ ಸುದ್ದಿ ಕಳ್ಸ್‌ದೋ, ನೀವು ಅವ್ಳುನ್ನ ಕರ್ಕೊಂಡ್ ಬಂದು ಒಂದ್ ಗಳ್ಗೆ ನಿಲ್ಸಿ ವಾಪಸ್ ಕರ್ಕೊಂಡೋದ್ರಿ. ನಮ್ ಮಾತ್ನಲ್ಲಿ ಅಳಕ್ಕೂ ಬುಡ್ಲಿಲ್ಲ. ನಮ್ ಮಾತು ನಿಮ್ಗೆ ಅಷ್ಟ್ ಗಬ್ಬು ನಾರ್ತಿತ್ತಾ?"

"ತಪ್ಪು ಮಾಡಿದೆ" ಎಂದೆ. ಅದಕ್ಕಿಂತ ದೊಡ್ಡ ಮಾತು ನನಗೆ ಸಿಗಲಿಲ್ಲ. "ನೀವು ಬರದಿದ್ದರೂ ಸರಿ. ನನಗೆ ಹತ್ತು ಮಾತು ಹೇಳಿಕೊಡಿ. ನಾನೇ ಅವಳ ಹತ್ತಿರ ಆಡ್ತೀನಿ."

ಕತ್ತಿ ಎತ್ತಿಕೊಂಡು ಒಂದು ಬಿದಿರನ್ನು ಪೂರ್ತಿ ಸೀಳಿದ. ಲಾರಿಗಳು ಹೋಗುತ್ತಿದ್ದವು. ಕೊನೆಗೆ, "ಬರ್ಕೊಳ್ಳಿ. ಹತ್ತೇ. ನಾನ್ ಮಾತ್ರ ಬರಕ್ಕಿಲ್ಲ" ಎಂದ.

ಊಟ, ನಿದ್ದೆ, ನೋವು, ಬಾ, ಕೂತ್ಕೋ, ಚಳಿ, ಬಿಸಿ, ಅಮ್ಮ, ತಮ್ಮ, ಸಾಕು. ಹತ್ತಕ್ಕೂ ಅವರ ಮಾತನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ನೆಲದ ಮೇಲೆ ಕೂತು ಒಂದೊಂದನ್ನೂ ಐದೈದು ಸಲ ಹೇಳಿದೆ. ಅವನಿಗೆ ಒಪ್ಪಿಗೆಯಾಗಲಿಲ್ಲ. "ಇನ್ನೊಂದ್ ದಪ ಯೋಳಿ" ಎನ್ನುತ್ತಲೇ ಇದ್ದ. ಹೊರಡುವಾಗ ಒಂದು ಪುಟ್ಟ ಮೊರ ಸಾದಿಕ್‌ನ ಕೈಗೆ ಕೊಟ್ಟ. ನನ್ನ ಕೈಗೆ ಕೊಡಲಿಲ್ಲ.

ನಾಳೆ ಬೆಳಿಗ್ಗೆ ಶುರು ಮಾಡುತ್ತೇನೆ. ಮೊದಲ ದಿನ ಕೆಲಸಕ್ಕೆ ಹೊರಟವನ ಹಾಗೆ ನೋಟ್ ಪುಸ್ತಕವನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದೇನೆ.

ಇತಿ,
ಚಲುವಯ್ಯ


22 ಡಿಸೆಂಬರ್ 2024

ಪ್ರೀತಿಯ ಮೇಷ್ಟ್ರೇ,

ಗೆದ್ದೆವು! ಮೊದಲು ಅದನ್ನು ಬರೆದುಬಿಡುತ್ತೇನೆ, ಆಮೇಲೆ ಹೇಗೆ ಅನ್ನುವುದು.

ಗುರುವಾರ ಪ್ರೊಫೆಸರು ರೌಂಡ್ಸಿಗೆ ಬಂದರು. ವಿಕ್ಟರ್ ಲಾರಿ ನಿಲ್ಲಿಸಿ ಬಂದಿದ್ದ, ಬೂಟಿನ ಮೇಲೆ ಇನ್ನೂ ಹಿಮವಿತ್ತು. ಕಾಗದ, ಪೆನ್ನು ಎರಡೂ ಅವನ ಕೈಯಲ್ಲಿ. "ಸರ್, ಈಕೆಯ ಬುದ್ಧಿ ಸರಿಯಾಗಿದೆ. ನಾವು ತಪ್ಪು ಭಾಷೆಯಲ್ಲಿ ಪರೀಕ್ಷೆ ಮಾಡಿದ್ದೇವೆ. ಐದು ನಿಮಿಷ ಕೊಡಿ" ಅಂದೆ. ಹಿಂದೆ ಯಾರೋ ನಕ್ಕರು. ಭಾರತದಿಂದ ಬಂದವಳು ರಷ್ಯಾದ ಅಜ್ಜಿಗೆ ದುಭಾಷಿಯಂತೆ! ಪ್ರೊಫೆಸರು ಗಡಿಯಾರ ನೋಡಿಕೊಂಡು, "ಐದೇ ನಿಮಿಷ" ಅಂದರು.

ಬ್ರೆಡ್ಡು ತೋರಿಸಿದೆ. ಅಜ್ಜಿ "ಕ್ಷಿ" ಅಂದರು. ನೀರು ತೋರಿಸಿದೆ, "ವೆದ್." ಎಡಗೈ ಎತ್ತಿ ಅಂದೆ, ಎತ್ತಿದರು. ಕಣ್ಣು ಮುಚ್ಚಿ ಅಂದೆ, ಮುಚ್ಚಿದರು. ನಿಮ್ಮ ಮಗ ಎಲ್ಲಿ ಅಂದೆ. ಅಷ್ಟು ಜನರ ನಡುವೆ ವಿಕ್ಟರ್‌ನ ಕಡೆ ಬೆರಳು ತೋರಿಸಿ, ಏನೋ ಬೈದರು. (ಕೂದಲು ಕತ್ತರಿಸಿಲ್ಲ ಎಂದು ಬೈದದ್ದಿರಬೇಕು, ತಮ್ಮ ತಲೆ ಮುಟ್ಟಿ ತೋರಿಸಿದರು.)

ಕೊನೆಗೆ, ಏನು ಬೇಕು ಎಂದು ಕೇಳಿದೆ. ಅಜ್ಜಿ ಬಿಡಿಸಿ ಬಿಡಿಸಿ ಹೇಳಿದರು: "ಮೋನ್ ಮೋಲ್ಯಾನ್ ಕುಡು."

ನಾನು ಅನುವಾದ ಮಾಡಲು ಬಾಯಿ ತೆರೆದೆ. ಅದಕ್ಕೆ ಮೊದಲೇ ವಿಕ್ಟರ್, "ಕುಡು ಗೊತ್ತು" ಅಂದ. ಆರಡಿ ಆಳು ಅಮ್ಮನ ಮಂಚದ ಪಕ್ಕ ಕುಕ್ಕರಿಸಿ ಕೂತ. "ಹೊತ್ತು ಮುಳುಗೋವಾಗ ಆಟದ ಜಾಗಕ್ಕೆ ಬಂದು ಹಾಗೇ ಕೂಗ್ತಿದ್ಲು. ಮನೆಗೆ. ಮನೆಗೆ ಅಂತ." ಆ ಕಾಗದವನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡ.

ಪ್ರೊಫೆಸರು ಒಂದು ಮಾತೂ ಆಡದೆ ಮುಂದಿನ ಮಂಚಕ್ಕೆ ಹೋದರು. ನನಗೆ ಸಿಟ್ಟು ಬಂತು. ಆದರೆ ನಿನ್ನೆ ವಾರ್ಡಿಗೆ ಹೊಸ ಫಾರಂ ಬಂದಿದೆ. ರೋಗಿಯ ಹೆಸರಿನ ಕೆಳಗೇ ಒಂದು ಹೊಸ ಸಾಲು: ತಾಯಿ ಆಡುತ್ತಿದ್ದ ಭಾಷೆ ಯಾವುದು? ಪ್ರೊಫೆಸರೇ ಸೇರಿಸಿದ್ದಂತೆ.

ನಿಮ್ಮ ಹತ್ತು ಮಾತು ಏನಾಯಿತು? ಬೇಗ ಬರೆಯಿರಿ.

ನೂರ್


19 ಜನವರಿ 2025
ಪಾಂಡವಪುರ

ಮಗಳೇ,

ನಿನ್ನ ಕಾಗದವನ್ನು ಮಾರಮ್ಮನಿಗೆ ಓದಿ ಹೇಳಿದೆ. ಎಷ್ಟು ತಿಳಿಯಿತೋ ಕಾಣೆ, ವಿಕ್ಟರ್ ಕಾಗದ ಹರಿದ ಕಡೆ ಹರಿಯುವ ಹಾಗೆ ಕೈ ಮಾಡಿ ತೋರಿಸಿದೆ, ತಲೆದೂಗಿದಳು. ಈಗ ನಾನು ಮಾರಮ್ಮ ಎಂದೇ ಕರೆಯುತ್ತೇನೆ. ಮೊದಲ ಸಲ ಕರೆದಾಗ ಬಾಗಿಲ ಕಡೆ ತಿರುಗಿ ನೋಡಿದಳು, ಬೇರೆ ಯಾರೋ ಕರೆದರೆಂದು.

ಹತ್ತು ಮಾತಿನ ಕತೆ ಕೇಳು. ಮೊದಲ ದಿನ ಬೆಳಿಗ್ಗೆ ಅವಳ ಎದುರು ಕೂತು, ನೋಟ್ ಪುಸ್ತಕ ನೋಡಿಕೊಂಡು, ಚಳಿಯಾಗುತ್ತಾ ಎಂದು ಕೇಳಿದೆ. ಕಣ್ಣು ಅರಳಿಸಿ ನನ್ನನ್ನು ನೋಡಿದಳು. ಊಟ ಬೇಕಾ ಎಂದೆ. ಅವಳ ಹೊಟ್ಟೆ ಕುಲುಕಿತು. ನನಗೆ ಗಾಬರಿಯಾಯಿತು, ಫಿಟ್ಸು ಬಂತೇನೋ ಎಂದು. ನಗುತ್ತಿದ್ದಳು ನೂರ್. ನನ್ನ ಉಚ್ಚಾರಕ್ಕೆ. ನಾಲ್ಕು ತಿಂಗಳ ಮೇಲೆ ಈ ಮನೆಯಲ್ಲಿ ನಗು ಕೇಳಿಸಿತು, ನನ್ನ ಮಂದ ಕಿವಿಗೂ ಕೇಳಿಸಿತು.

ಆಮೇಲೆ ಅವಳು ಮಾತಾಡಿದಳು. ತಡವರಿಸುತ್ತ, ನಿಲ್ಲಿಸಿ ನಿಲ್ಲಿಸಿ, ಉದ್ದಕ್ಕೆ. ನನಗೆ 'ತಮ್ಮ' ಎಂಬುದೊಂದು ಬಿಟ್ಟು ಏನೂ ತಿಳಿಯಲಿಲ್ಲ. ಓಡಿಹೋಗಿ ಸಾದಿಕ್‌ನನ್ನು ಕರೆತಂದೆ. ಮತ್ತೆ ಕೇಳಿದೆ, ಮತ್ತೆ ಹೇಳಿದಳು. ಅವನು ಮೊಬೈಲಿನಲ್ಲಿ ಹಿಡಿದುಕೊಂಡ. ಅದೇ ದಿನ ಬೆಳ್ಳೂರು ಕ್ರಾಸಿಗೆ ಹೋದೆವು.

ಹೊನ್ನಪ್ಪ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದುಕೊಂಡ. ಒಂದು ಸಲ ಕೇಳಿದ. ಇನ್ನೊಂದು ಸಲ ಕೇಳಿದ. ಟವೆಲಿನಿಂದ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಗೊತ್ತಾಗಲಿಲ್ಲ. ಎರಡೂ ಇತ್ತು ಎಂದು ಆಮೇಲೆ ತಿಳಿಯಿತು.

"ಏನಂತಾಳೆ?" ಎಂದೆ.

"'ಇವ್ನಿಗೆ ಮಾತು ಯೋಳ್ಕೊಟ್ಟೋನು ನನ್ ತಮ್ಮ ಹೊನ್ನನೇ. ಚಿಕ್ಕೋನಾಗಿದ್ದಾಗ್ಲಿಂದ ಚಳಿ ಅನ್ನೋದ್ನ ಅವ್ನು ಇಂಗೇ ತಪ್ಪಾಗಿ ಅಂತಿದ್ದ. ಅವ್ವ ಎಷ್ಟ್ ಬೈದ್ರೂ ಸರಿ ಮಾಡ್ಕೊಳ್ಲಿಲ್ಲ. ಇನ್ನೂ ಬದ್ಕವ್ನೆ ಅಂಗಾರೆ. ಉಂಡ್ನಂತಾ?' ಅಂತಾವ್ಳೆ."

ಎದ್ದು ನಿಂತ. ಹೆಣೆಯುತ್ತಿದ್ದ ಬುಟ್ಟಿಯನ್ನು ಎಳನೀರಿನವನ ಕೈಗೆ ಕೊಟ್ಟು, "ಅಂಗ್ಡಿ ನೋಡ್ಕೊಳ್ಲಾ, ನಾಳಿಕ್ ಬತ್ತೀನಿ" ಎಂದ. ಸಾದಿಕ್ ನಮ್ಮಿಬ್ಬರನ್ನೂ ಬಸ್ಸಿಗೆ ಹತ್ತಿಸಿ ತಾನು ಬೈಕಿನಲ್ಲಿ ಹಿಂದೆ ಬಂದ. ದಾರಿಯಲ್ಲಿ ಹೊನ್ನಪ್ಪ ಕಿಟಕಿಯಾಚೆಯೇ ನೋಡುತ್ತಿದ್ದ. ನಾಗಮಂಗಲ ದಾಟಿದ ಮೇಲೆ, "ಕಿಟ್ಕಿ ಕಡೆ ಕೂತ್ಕೊಳ್ಳಿ ಭಾವ, ಗಾಳಿ ಬತ್ತದೆ" ಎಂದ. ನಲವತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು ಭಾವ ಎಂದ.

ಮನೆಗೆ ಬಂದು ಅಕ್ಕ ತಮ್ಮ ಎದುರು ಬದುರು ಕೂತಾಗ ನಾನು ಅಡುಗೆಮನೆಗೆ ಹೋಗಿಬಿಟ್ಟೆ. ಕಾಫಿ ಮಾಡಿದೆ. ಹಾಲು ಉಕ್ಕಿಹೋಯಿತು. ಜಗುಲಿಗೆ ಬನ್ನಿ, ಗಾಳಿಯಿದೆ ಎಂದು ನಾನೇ ಕುರ್ಚಿ ಹಾಕಿದೆ. ಎದುರು ಮನೆಯವರು ಇಣುಕಿ, "ಯಾರ್ ಮೇಷ್ಟ್ರೇ ಬಂದಿರೋರು?" ಎಂದರು. "ನನ್ನ ಹೆಂಡತಿ ತಮ್ಮ. ಅವರ ಮನೆಮಾತಲ್ಲಿ ಮಾತಾಡ್ತಾ ಇದ್ದಾರೆ" ಎಂದೆ. ಇಷ್ಟೇ ಮಾತು. ಅದನ್ನು ಹೇಳಲು ನಲವತ್ತೆರಡು ವರ್ಷ ಬೇಕಾಯಿತು.

ಹೊನ್ನಪ್ಪ ಈಗ ವಾರಕ್ಕೆ ಮೂರು ದಿನ ಬರುತ್ತಾನೆ. ನನ್ನ ನೋಟ್ ಪುಸ್ತಕದಲ್ಲಿ ಇನ್ನೂರ ಹದಿನಾಲ್ಕು ಮಾತಾಗಿವೆ.

ನಿನ್ನ,
ಚಲುವಯ್ಯ


2 ಏಪ್ರಿಲ್ 2025

ಪ್ರೀತಿಯ ಮೇಷ್ಟ್ರೇ,

ಪರೀಕ್ಷೆ ಹತ್ತಿರ ಬಂತು, ಚಿಕ್ಕ ಕಾಗದ. ಅಕುಲೀನಾ ಅಜ್ಜಿ ಕೋಲು ಹಿಡಿದು ತಾವೇ ನಡೆದು ವಿಕ್ಟರ್‌ನ ಲಾರಿ ಹತ್ತಿದರು. ಸೀದಾ ತಮ್ಮ ಹುಟ್ಟಿದ ಹಳ್ಳಿಗೆ. ಮೋಕ್ಷ ನದಿ ಅಲ್ಲಿನ ಅವರ ಹಳೆಯ ಮನೆಯಿಂದ ಕೂಗಳತೆ ದೂರವಂತೆ. ಹಿಮ ಕರಗಿ ನೀರು ಹೊಲದವರೆಗೆ ಬಂದಿದೆ ಎಂದು ವಿಕ್ಟರ್ ಫೋಟೋ ಕಳಿಸಿದ್ದಾನೆ. ಅವನೂ ಈಗ ಪದ ಕಲಿಯುತ್ತಿದ್ದಾನೆ. ನನಗಿಂತ ನಿಧಾನ.

ಇನ್ನೊಂದು. ಓದು ಮುಗಿಸಿ ಬಂದವಳು ಲಕ್ವ ಹೊಡೆದವರಿಗೇ ಔಷಧಿ ಮಾಡುವ ಕಡೆ ಹೋಗುತ್ತೇನೆ ಎಂದು ಅಬ್ಬಾಗೆ ಹೇಳಿದೆ. ಮೈಸೂರಿನಲ್ಲೋ ಮಂಡ್ಯದಲ್ಲೋ. ಗ್ಯಾರೇಜಿನಲ್ಲಿ ಎಲ್ಲರಿಗೂ ಟೀ ಕೊಡಿಸಿದರಂತೆ.

ಅಮ್ಮನವರಿಗೆ ನನ್ನ ಸಲಾಮು. ಮಾರಮ್ಮನವರಿಗೆ.

ನೂರ್


18 ಮೇ 2025
ಪಾಂಡವಪುರ

ಮಗಳೇ ನೂರ್,

ಮೊನ್ನೆ ಶೀಳನೆರೆಯಲ್ಲಿ ಹೊನ್ನಪ್ಪನ ಮೊಮ್ಮಗಳು ಚೈತ್ರಳ ಮದುವೆ. ಬಿಸಿಲು ಜಾಸ್ತಿ, ಅಷ್ಟು ದೂರ ಬೇಡ ಎಂದೆ. ಮಾರಮ್ಮ ನನ್ನ ಮಾತು ಮುಗಿಯುವ ಮೊದಲೇ ಸೀರೆ ಉಟ್ಟು, ಎಡಗೈಯಲ್ಲೇ ಹೂ ಮುಡಿದು, ಬಾಗಿಲಲ್ಲಿ ನಿಂತಿದ್ದಳು. ನಿಮ್ಮ ಅಬ್ಬಾ ಗ್ಯಾರೇಜಿನಿಂದ ಕಾರು ಕಳಿಸಿದರು. ಕೆ.ಆರ್. ಪೇಟೆ ದಾಟುವ ಹೊತ್ತಿಗೆ ಅವಳು ಕಿಟಕಿಯಿಂದ ಆಚೆ ನೋಡುತ್ತ ಅದು ಇದು ಹೆಸರು ಹೇಳುತ್ತಿದ್ದಳು. ಕೆರೆ, ಎಮ್ಮೆ, ಹುಣಸೆಮರ. ಕೆಲವು ಅವಳ ಮಾತಿನಲ್ಲಿ, ಕೆಲವು ಕನ್ನಡದಲ್ಲಿ. ಕನ್ನಡ ಈಗ ಒಂದೊಂದಾಗಿ ವಾಪಸು ಬರುತ್ತಿದೆ.

ಮದುವೆ ಮನೆಯಲ್ಲಿ ಅವಳನ್ನು ಗುರುತು ಹಿಡಿದವರು ಇಬ್ಬರೇ ಇಬ್ಬರು, ಅವಳ ವಾರಗೆಯ ಮುದುಕಿಯರು. ಒಬ್ಬಾಕೆ ಅವಳ ಗಲ್ಲ ಹಿಡಿದೆತ್ತಿ ನೋಡಿ, ಕಿರುಚಿ, ತಬ್ಬಿಕೊಂಡಳು. ಹೆಂಗಸರೆಲ್ಲ ಸುತ್ತಿಕೊಂಡರು. ನಾನು ಗಂಡಸರ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತೆ.

ಅರಿಶಿನ ಹಚ್ಚುವಾಗ ಹಾಡು ಬೇಕಾಯಿತು. ಹುಡುಗಿಯರಿಗೆ ಎರಡು ಸಾಲಿನಾಚೆ ಬರಲಿಲ್ಲ, ಯಾರೋ ಮೊಬೈಲಿನಲ್ಲಿ ಸಿನಿಮಾ ಹಾಡು ಹಾಕಲು ಹೊರಟರು. ಆಗ ಮಾರಮ್ಮ ಶುರು ಮಾಡಿದಳು. ನೀನು ಬರೆದಿದ್ದೆ, ಹಾಡು ಬರುವುದುಂಟು ಎಂದು. ಓದಿ ಸುಮ್ಮನಿದ್ದೆ. ಒಂದು ವಾಕ್ಯಕ್ಕೆ ಮೂರು ಕಡೆ ನಿಲ್ಲುವವಳು ಒಂದು ಕಡೆಯೂ ನಿಲ್ಲದೆ ಹಾಡಿದಳು. ಒಂದು ನುಡಿ, ಎರಡು, ಐದು, ಹತ್ತು. ಮೊದಲು ಮುದುಕಿಯರು ದನಿ ಕೂಡಿಸಿದರು. ಆಮೇಲೆ ಹುಡುಗಿಯರು ಕೊನೆಯ ಸಾಲು ಹಿಡಿದುಕೊಂಡರು. ಒಲೆಯ ಹತ್ತಿರ ಇದ್ದವರು ಸೌಟು ಹಿಡಿದುಕೊಂಡೇ ಬಂದು ನಿಂತರು. ಹಾಡು ಮುಗಿದಾಗ ಮದುಮಗಳು ಅರಿಶಿನದ ಕೈಯಲ್ಲೇ ಅವಳ ಕಾಲು ಮುಟ್ಟಿದಳು. ನಲವತ್ತೆರಡು ವರ್ಷ ಒಂದೇ ಸೂರಿನಡಿ ಇದ್ದೆ ನೂರ್, ನನ್ನ ಹೆಂಡತಿ ಹಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಊಟದ ಪಂಕ್ತಿಯಲ್ಲಿ ಅವಳು ನನ್ನನ್ನು ಕೈಬೀಸಿ ಕರೆದು ಪಕ್ಕದಲ್ಲೇ ಕೂರಿಸಿಕೊಂಡಳು. ಎದುರಿಗಿದ್ದ ಹೆಂಗಸೊಬ್ಬಳು ನನ್ನ ಬಿಳಿ ಪಂಚೆ, ಕನ್ನಡಕ ನೋಡಿ, ತಮ್ಮ ಮಾತಿನಲ್ಲಿ, ಈ ಮುದುಕ ಯಾರು ಎಂದು ಕೇಳಿದಳು. ಹೊನ್ನಪ್ಪ ಉತ್ತರ ಹೇಳಲು ಬಾಯಿ ತೆರೆದ. ಮಾರಮ್ಮ ಕೈ ಅಡ್ಡ ಹಿಡಿದಳು. ಇಡೀ ಪಂಕ್ತಿಗೆ ಕೇಳಿಸುವಂತೆ, ಒಂದೊಂದೇ ಮಾತು ಹುಡುಕಿಕೊಂಡು, ತನ್ನ ಮಾತಿನಲ್ಲಿ ಹೇಳಿದಳು:

"ನನ್ನ ಗಂಡ. ದಡ್ಡ. ಆದರೂ ನಮ್ಮ ಮಾತು ಕಲಿಯುತ್ತಿದ್ದಾನೆ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ, ಎಲ್ಲರ ಜೊತೆಗೇ. ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಿನ್ನ ಬರವನ್ನು ಕಾಯುತ್ತಿರುವ,
ಚಲುವಯ್ಯ, ಮಾರಮ್ಮ